ಆ ಗೋಡೆಗೆ ಇನ್ನೊಂದು ಕೋಟ್

ಮತ್ತೆ ಬಂತು. ಪ್ರತಿ ವರ್ಷ ರಜೆ ಶುರುವಾಗುವ ಹೊತ್ತಿಗೆ ತಪ್ಪದೆ ಬರುತ್ತದೆ. ನನ್ನ ಜೊತೆ ಕೆಲಸ ಮಾಡುವ ಅಮೆರಿಕದ ಮಹಾಶಯರೊಬ್ಬರು ಮಗಳ ಪತ್ರವನ್ನು ಎಲ್ಲರಿಗೂ ಫಾರ್ವರ್ಡ್ ಮಾಡಿದ್ದಾರೆ. ಹುಡುಗಿಗೆ ಹದಿನೇಳು ವರ್ಷ. ದೇವರ ಕರೆ ಬಂದಿದೆ. ಚರ್ಚಿನ ಯುವಕರ ತಂಡದ ಜೊತೆ ಮಿಷನ್ ಟ್ರಿಪ್‌ಗೆ, ಅಂದರೆ ಚರ್ಚುಗಳು ಏರ್ಪಡಿಸುವ ಸೇವಾ ಪ್ರವಾಸಕ್ಕೆ ಹೊರಟಿದ್ದಾಳೆ, ಮಧ್ಯ ಅಮೆರಿಕದ ಯಾವುದೋ ಹಳ್ಳಿಗೆ, ಎಂಟು ದಿನ. ನಾವೆಲ್ಲ ಮೊದಲು ಪ್ರಾರ್ಥನೆ ಮಾಡಬೇಕಂತೆ, ಆಮೇಲೆ ಕೆಳಗಿನ ಲಿಂಕ್ ಒತ್ತಿ ದುಡ್ಡು ಕಳಿಸಬೇಕಂತೆ. ಪ್ರಾರ್ಥನೆ ಮಾತ್ರ ಮಾಡ್ತೀನಿ ಅನ್ನುವವರಿಗೆ ಬೇರೆ ಲಿಂಕ್ ಕೊಟ್ಟಿಲ್ಲ.

ಪತ್ರವನ್ನು ಎರಡು ಸಲ ಓದಿದೆ. 'ನಾನು' ಅನ್ನುವ ಮಾತು 23 ಕಡೆ ಇದೆ. ಹೋಗುತ್ತಿರುವ ದೇಶದ ಹೆಸರು ಒಂದು ಕಡೆ ಇದೆ, ಅದೂ ಸ್ಪೆಲ್ಲಿಂಗ್ ತಪ್ಪು. ಹಳ್ಳಿಯ ಹೆಸರು ಇಲ್ಲವೇ ಇಲ್ಲ. ಅಲ್ಲಿ ಹೋಗಿ ಏನು ಮಾಡುತ್ತಾರೆ ಅಂದರೆ ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ, ಮಕ್ಕಳಿಗೆ ಪ್ರೀತಿ ಕೊಡುತ್ತಾರೆ. ಕೊನೆಯ ದಿನ ವಿಶ್ರಾಂತಿ. ಅದು ಸಮುದ್ರದ ದಂಡೆಯಲ್ಲಿ.

ಈ ದೇವರ ಕರೆ ಬಗ್ಗೆ ನನಗೆ ಮೊದಲಿನಿಂದಲೂ ಭಾರಿ ಗೌರವ. ಎಷ್ಟು ಶಿಸ್ತು ನೋಡಿ. ಪರೀಕ್ಷೆ ನಡೆಯುವಾಗ ಯಾರಿಗೂ ಬರುವುದಿಲ್ಲ. ಪಕ್ಕದ ಬೀದಿಯ ವೃದ್ಧಾಶ್ರಮಕ್ಕೆ ಹೋಗು ಅಂತ ಅಪ್ಪಿತಪ್ಪಿಯೂ ಹೇಳುವುದಿಲ್ಲ. ರಜೆಯಲ್ಲೇ ಬರುತ್ತದೆ, ಬಿಸಿಲಿರುವ ದೇಶಕ್ಕೇ ಕರೆಯುತ್ತದೆ, ಹೋಗಿ ಬರುವ ಟಿಕೆಟ್ ಒಟ್ಟಿಗೇ ಬುಕ್ ಆಗಿರುತ್ತದೆ.

ಇನ್ನು ಖರ್ಚು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತ ನೀವು ಗೊಣಗಬಹುದು. ಸುಮ್ನೆ ಗೊಣಗಬೇಡಿ, ಅಮೆರಿಕದ ತೆರಿಗೆ ಇಲಾಖೆಯೇ ಇದಕ್ಕೆ ದಾರಿ ಬಿಟ್ಟಿದೆ. ಹೀಗೆ ಧರ್ಮಕಾರ್ಯಕ್ಕೆ ಹೋದವರು ಪ್ರಯಾಣದ ಖರ್ಚನ್ನು ದಾನ ಅಂತ ತೋರಿಸಿ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಮುಖ್ಯ ಷರತ್ತು ಅಂದರೆ, ಆ ಪ್ರಯಾಣದಲ್ಲಿ ಮೋಜು, ಮನರಂಜನೆ, ರಜೆಯ ಅಂಶ ಹೇಳಿಕೊಳ್ಳುವಷ್ಟು ಇರಬಾರದು. ಹಾಗಂತ ಸೇವೆ ಮಾಡುತ್ತಾ ಖುಷಿಯಾದರೆ ಅದಕ್ಕೆ ಅಡ್ಡಿಯಿಲ್ಲ, ಅದನ್ನೂ ಬರೆದೇ ಇಟ್ಟಿದ್ದಾರೆ. ಈ ನಿಯಮ ಬರೆದ ಗುಮಾಸ್ತನ ಕಾಲಿಗೆ ಬೀಳಬೇಕು ಅನ್ನಿಸುತ್ತದೆ ನನಗೆ. ಸಂತೋಷಕ್ಕೂ ಮೋಜಿಗೂ ಇರುವ ಗಡಿಯನ್ನು ದೊಡ್ಡ ದೊಡ್ಡ ಜ್ಞಾನಿಗಳು ಹುಡುಕಿ ಹುಡುಕಿ ಸುಸ್ತಾಗಿ ಹೋದರು. ಇವನು ಅದನ್ನು ತೆರಿಗೆ ಕೈಪಿಡಿಯಲ್ಲಿ ಗೆರೆ ಎಳೆದು ತೋರಿಸಿಬಿಟ್ಟ! ಈಗ ಸಮುದ್ರದ ದಂಡೆಯಲ್ಲಿ ಕೂತ ಹುಡುಗಿ ನಗುವಾಗ ಲೆಕ್ಕ ಇಟ್ಟುಕೊಂಡು ನಗಬೇಕು, ಇದು ಸೇವೆಯ ನಗುವೋ, ರಜೆಯ ನಗುವೋ ಅಂತ.

ಆದರೆ ನನ್ನ ಮನಸ್ಸು ನಿಂತಿರುವುದು ಆ ಗೋಡೆಯ ಮೇಲೆ.

2008ರಲ್ಲಿ ಅಮೆರಿಕದ ಒಂದು ಪತ್ರಿಕೆ ಈ ಪ್ರವಾಸಗಳ ಬಗ್ಗೆ ಬರೆದಿತ್ತು. ಮೆಕ್ಸಿಕೋದಲ್ಲಿ ಒಂದು ಚರ್ಚಿಗೆ ಒಂದೇ ಬೇಸಿಗೆಯಲ್ಲಿ ಆರು ಸಲ ಬಣ್ಣ ಬಳಿಯಲಾಗಿತ್ತು. ಆರು ತಂಡ, ಆರು ಕೋಟ್. ಬ್ರೆಜಿಲ್‌ನ ಒಂದು ಅನಾಥಾಲಯದಲ್ಲಿ ಮಕ್ಕಳು ಫುಟ್‌ಬಾಲ್ ಆಡುವ ಮೈದಾನದಲ್ಲೇ ಗೋಡೆ ಕಟ್ಟಿಟ್ಟು ಹೋಗಿದ್ದರು. ಅವರು ವಿಮಾನ ಹತ್ತಿದ ಮೇಲೆ ಊರವರು ಅದನ್ನು ಕೆಡವಿದರು. ಈಕ್ವೆಡಾರ್‌ನಲ್ಲಿ ಒಂದು ಚರ್ಚನ್ನೇ ಕಟ್ಟಿಕೊಟ್ಟರು, ಅದಕ್ಕೆ ಯಾರೂ ಕಾಲಿಡಲಿಲ್ಲ, ಯಾಕೆಂದರೆ ನಮಗಿದು ಬೇಕು ಅಂತ ಅಲ್ಲಿ ಯಾರೂ ಕೇಳಿರಲಿಲ್ಲ.

ಆ ಮೆಕ್ಸಿಕೋದ ಗೋಡೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಮೊದಲ ತಂಡ ಬಂದಾಗ ಗೋಡೆಗೆ ನಿಜವಾಗಿಯೂ ಬಣ್ಣ ಬೇಕಿತ್ತು ಅಂತಲೇ ಇಟ್ಟುಕೊಳ್ಳೋಣ. ಬಳಿದರು, ಫೋಟೋ ತೆಗೆಸಿಕೊಂಡರು, ಅತ್ತರು, ಹೋದರು. ಬಣ್ಣದ ವಾಸನೆ ಹೋಗುವ ಮೊದಲೇ ಎರಡನೇ ತಂಡ ಬಂತು. ಅಲ್ಲಿನ ಪಾಸ್ಟರ್ ಏನು ಮಾಡಬೇಕು ಹೇಳಿ? ಬೇಡ ಅನ್ನುವ ಹಾಗಿಲ್ಲ. ವರ್ಷಪೂರ್ತಿ ಸಂಡೇ ಸ್ಕೂಲ್ ನಡೆಯುವ ದುಡ್ಡು ಇದೇ ಜನರಿಂದ ಬರಬೇಕು. ನಗುತ್ತಾ ಡಬ್ಬದ ಮುಚ್ಚಳ ತೆಗೆದುಕೊಟ್ಟಿರುತ್ತಾರೆ. ಮೂರನೇ ತಂಡ ಬರುವ ಹೊತ್ತಿಗೆ ಅವರಿಗೂ ಅಭ್ಯಾಸವಾಗಿರುತ್ತದೆ. ರೋಲರ್ ತೊಳೆದು ಒಣಗಿಸಿ ಸಾಲಾಗಿ ಇಟ್ಟಿರುತ್ತಾರೆ. ಆರನೆಯದು ಬಂದಾಗ, ನನಗೆ ಗ್ಯಾರಂಟಿ ಇದೆ, ಯಾರೋ ಒಬ್ಬರು ಹಿಂದಿನ ರಾತ್ರಿ ಕೂತು ಚೆನ್ನಾಗಿದ್ದ ಗೋಡೆಯನ್ನು ಅಲ್ಲಲ್ಲಿ ಕೆರೆದು ಇಟ್ಟಿರಬೇಕು. ಬಂದವರಿಗೆ ಬೇಜಾರಾಗಬಾರದು, ಅಲ್ವಾ?

ರಾತ್ರಿ ಕೆಲಸ ಅಂದಾಗ ನೆನಪಾಯಿತು. ಇದು ಚರ್ಚಿನದಲ್ಲ, ಶಾಲೆಯ ತಂಡದ್ದು, ಆದರೂ ಹೇಳದೆ ಇರಲಾರೆ. ಟಾಂಜಾನಿಯಾದ ಒಂದು ಅನಾಥಾಲಯದಲ್ಲಿ ಲೈಬ್ರರಿ ಕಟ್ಟಲು ಅಮೆರಿಕದ ಹುಡುಗಿಯರು ಹೋಗಿದ್ದರು. ಹಗಲೆಲ್ಲ ಇಟ್ಟಿಗೆ ಜೋಡಿಸುತ್ತಿದ್ದರು. ಅವರ ಗೋಡೆ ನೆಟ್ಟಗೆ ನಿಲ್ಲುವಂತಿರಲಿಲ್ಲ. ಹಾಗಾಗಿ ರಾತ್ರಿ ಇವರು ಮಲಗಿದ ಮೇಲೆ ಅಲ್ಲಿನ ಗಂಡಸರು ಬಂದು ಇಟ್ಟಿಗೆ ಕಿತ್ತು ಮತ್ತೆ ಸರಿಯಾಗಿ ಕಟ್ಟುತ್ತಿದ್ದರು. ಬೆಳಗ್ಗೆ ಇವರಿಗೆ ಗೊತ್ತಾಗಬಾರದು ಅಂತ. ಆ ಹುಡುಗಿಯರಲ್ಲಿ ಒಬ್ಬಳು ಬೆಳೆದು ದೊಡ್ಡವಳಾದ ಮೇಲೆ 2014ರಲ್ಲಿ ತಾನೇ ಇದನ್ನೆಲ್ಲ ಬರೆದುಕೊಂಡಳು, ಅವಳ ಪ್ರಾಮಾಣಿಕತೆ ದೊಡ್ಡದು. ನನಗೆ ಮಾತ್ರ ಆ ರಾತ್ರಿಪಾಳಿಯ ಮೇಸ್ತ್ರಿಗಳೇ ಕಾಡುತ್ತಾರೆ. ಹಸಿ ಗಾರೆ ಕೆರೆಯುತ್ತಾ, ನೂಲು ಹಿಡಿದು, ಸದ್ದಾಗದ ಹಾಗೆ ಇಟ್ಟಿಗೆ ಇಡುತ್ತಾ ಅವರು ಏನು ಮಾತಾಡಿಕೊಂಡಿರಬಹುದು? ಆ ಮಾತನ್ನು ಯಾರಾದರೂ ರೆಕಾರ್ಡ್ ಮಾಡಿ ಇಟ್ಟಿದ್ದರೆ ಟಿಕೆಟ್ ತೆಗೆದುಕೊಂಡು ಕೇಳಲು ನಾನು ತಯಾರು.

ಲೆಕ್ಕ ಬೇಕು ಅನ್ನುವವರಿಗೆ ಲೆಕ್ಕವೂ ಇದೆ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ಅನ್ನು ತೊಳೆದು ಹಾಕಿತಲ್ಲ, ಆಮೇಲೆ ಅಲ್ಲಿಗೆ ಮನೆ ಕಟ್ಟಲು ಉತ್ತರ ಅಮೆರಿಕದಿಂದ ತಂಡದ ಮೇಲೆ ತಂಡ ಬಂತು. ಕರ್ಟ್ ವರ್ ಬೀಕ್ ಅನ್ನುವ ಪ್ರಾಧ್ಯಾಪಕರು, ಕ್ರೈಸ್ತ ಕಾಲೇಜಿನವರೇ, ಹೋಗಿ ವಿಚಾರಿಸಿದರು. ವಿಮಾನದ ಖರ್ಚೂ ಸೇರಿದರೆ ತಂಡಗಳು ಕಟ್ಟಿದ ಒಂದೊಂದು ಮನೆಗೆ ಸುಮಾರು 30,000 ಡಾಲರ್ ಬಿದ್ದಿತ್ತು. ಅಲ್ಲಿನದೇ ಒಂದು ಕ್ರೈಸ್ತ ಸಂಸ್ಥೆ ಅಂಥ ಮನೆಯನ್ನು 2,000 ಡಾಲರ್‌ಗೆ ಕಟ್ಟುತ್ತಿತ್ತು. ಒಂದು ಮನೆಯ ದುಡ್ಡಲ್ಲಿ ಹದಿನೈದು ಮನೆ. ಅಂದರೆ ಹದಿನಾಲ್ಕು ಕುಟುಂಬ ಹೊರಗೆ ಮಲಗಿದ್ದು ಯಾಕೆ ಅಂದರೆ, ಆ ಒಂದು ಮನೆಯ ಗೋಡೆಗೆ ಸಿಮೆಂಟ್ ಮೆತ್ತುವ ಭಾಗ್ಯ ಕೆಲವರಿಗೆ ಸಿಗಬೇಕಿತ್ತು. ದುಡ್ಡು ಕಳಿಸಿದ್ದರೆ ಸಾಕಿತ್ತು, ಇನ್ನಷ್ಟು ಮನೆ ಆಗುತ್ತಿತ್ತು ಅಂತ ಹೊಂಡುರಾಸ್‌ನ ಜನ ಹೇಳಿದ್ದರು. ದುಡ್ಡು ಕಳಿಸಿದರೆ ಫೋಟೋ ಎಲ್ಲಿಂದ ಬರಬೇಕು ಅಂತ ಅವರಿಗೆ ಹೊಳೆಯಲಿಲ್ಲ ಪಾಪ.

ಅಮೆರಿಕದ ಚರ್ಚುಗಳಿಂದ ಹೀಗೆ ಹೊರದೇಶಕ್ಕೆ ಹೋಗುವವರು ವರ್ಷಕ್ಕೆ ಸುಮಾರು 16 ಲಕ್ಷ ಅಂತ 2005ರ ಸುಮಾರಿಗೆ ಒಂದು ಅಂದಾಜಿತ್ತು. ಮನೆಗಳ ಲೆಕ್ಕ ಹಾಕಿದ ವರ್ ಬೀಕ್ ಕೂಡ ಅವರ ಕಡೆಯವರೇ. ಹಾಗಾಗಿ ಇವನಿಗೆ ಚರ್ಚಿನ ಮೇಲೆ ಹೊಟ್ಟೆಯುರಿ ಅಂತ ಯಾರೂ ಕಾಮೆಂಟ್ ಕುಟ್ಟಬೇಡಿ. ವರ್ಷ ವರ್ಷ ಅದೇ ಆಸ್ಪತ್ರೆಗೆ ಹೋಗಿ ಅಲ್ಲಿನ ಡಾಕ್ಟರುಗಳಿಗೆ ಕೆಲಸ ಕಲಿಸಿ ಬರುವ ಸರ್ಜನ್‌ಗಳೂ ಇದ್ದಾರೆ. ಅವರು ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಏರ್‌ಪೋರ್ಟಿನಲ್ಲಿ ವೃತ್ತ ಕಟ್ಟಿ ನಿಲ್ಲುವುದಿಲ್ಲ, ಅದಕ್ಕೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನಿಜವಾಗಿ ಅಲ್ಲಿ ಸೇವೆ ಮಾಡುವವರು ಯಾರು ಅಂತ ಒಂದು ಸಲ ಎಣಿಸಿ. ಮೂವತ್ತು ಜನಕ್ಕೆ ಮೂರು ಹೊತ್ತು ಅಡುಗೆ ಮಾಡುವ ಹೆಂಗಸರು. ಅವರಿಗೆ ಹೊಟ್ಟೆ ಕೆಡದ ನೀರನ್ನು ಹೊತ್ತು ತರುವವರು. ವ್ಯಾನ್ ಡ್ರೈವರ್. ತನ್ನ ಕೂಲಿ ಬಿಟ್ಟು ಎಂಟು ದಿನ ಅನುವಾದ ಮಾಡುವ ಹುಡುಗ. ಪಾಠ ನಿಲ್ಲಿಸಿ ಆಟಕ್ಕೆ ಕೂರುವ ಮಕ್ಕಳು. ಈ ಮಕ್ಕಳಂತೂ ದೊಡ್ಡ ಕಲಾವಿದರು. ಭಾಷೆ ಬಾರದ ತಂಡ ಮಾತಿಲ್ಲದ ನಾಟಕ ಆಡುತ್ತದೆ, ಕಪ್ಪು ಬಟ್ಟೆ ಹಾಕಿದವನು ಸೈತಾನ, ಬಿಳಿ ಬಟ್ಟೆಯವನು ಯೇಸು. ಹೋದ ವಾರ ಬೇರೆ ತಂಡ ಇದನ್ನೇ ಆಡಿರುತ್ತದೆ. ಸೈತಾನ ಯಾವಾಗ ಬೀಳುತ್ತಾನೆ, ಎಲ್ಲಿ ಚಪ್ಪಾಳೆ ತಟ್ಟಬೇಕು, ಯಾವಾಗ ಬಲೂನು ಕೊಡುತ್ತಾರೆ, ಎಲ್ಲ ಬಾಯಿಪಾಠ. ಆದರೂ ಮೊದಲ ಸಲ ನೋಡಿದ ಹಾಗೆ ಬೆರಗಾಗುತ್ತಾರೆ. ಸ್ವಯಂಸೇವೆ ಅಂದರೆ ಇದು ಕಣ್ರೀ. ಆ ಡ್ರೈವರ್‌ಗೋ ಅನುವಾದದ ಹುಡುಗನಿಗೋ ಒಂದು ಸಲ ನಿಮ್ಮ ಚರ್ಚನ್ನೂ ನೋಡಿ ಬರಬೇಕು ಅನ್ನಿಸಿದರೆ ವೀಸಾ ಕೇಳುವವರ ಕಿಟಕಿಯ ಮುಂದೆ ನಿಂತು, ವಾಪಸ್ ಬರ್ತೀನಿ ಅನ್ನುವುದಕ್ಕೆ ಜಮೀನು, ಬ್ಯಾಂಕ್ ಪುಸ್ತಕ ತೋರಿಸಬೇಕು. ಬಣ್ಣ ಬಳಿಯಲು ಬರ್ತೀನಿ ಅಂದರೆ ಮುಗಿಯಿತು ಕಥೆ.

ಇಲ್ಲಿಯವರೆಗೆ ನಗಬಹುದು. ಅನಾಥಾಲಯದ ಬಾಗಿಲಿಗೆ ಬಂದರೆ ನನಗೆ ನಗು ಬರುವುದಿಲ್ಲ.

"ನಾವು ಒಳಗೆ ಕಾಲಿಟ್ಟ ಕೂಡಲೇ ಮಕ್ಕಳು ಓಡಿ ಬಂದು ತಬ್ಬಿಕೊಂಡರು" ಅಂತ ಎಲ್ಲರೂ ಬರೆಯುತ್ತಾರೆ. ಮನೆಯಲ್ಲಿ ಬೆಳೆದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೆರಗು ಹಿಡಿದು ಹಿಂದೆ ನಿಲ್ಲುತ್ತದೆ. ಯಾರು ಬಂದರೂ ಓಡಿ ಬಂದು ತಬ್ಬಿಕೊಳ್ಳುವ ಮಗುವಿನಲ್ಲಿ ಏನೋ ಮುರಿದಿರಬಹುದು ಅಂತ ಮಕ್ಕಳ ಮನಸ್ಸನ್ನು ಓದಿದವರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ನೀವು ಎಂಟು ದಿನ ಎತ್ತಿಕೊಂಡು ಒಂಬತ್ತನೇ ದಿನ ಕೆಳಗಿಳಿಸಿ ಹೋಗುತ್ತೀರಿ. ಮುಂದಿನ ವಾರ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಅವಳೂ ಇಳಿಸುತ್ತಾಳೆ.

ಮತ್ತೆ, ಅವರಲ್ಲಿ ಎಷ್ಟೋ ಮಕ್ಕಳು ಅನಾಥರೂ ಅಲ್ಲ. ಕಾಂಬೋಡಿಯಾದಲ್ಲಿ 2005ರಿಂದ 2010ರ ಒಳಗೆ ಅನಾಥಾಲಯಗಳು ಶೇಕಡಾ 75ರಷ್ಟು ಜಾಸ್ತಿಯಾದವು. ಯುದ್ಧ ಮುಗಿದು ಎಷ್ಟೋ ಕಾಲವಾಗಿತ್ತು. ಅಲ್ಲಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂವರಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಜಾಸ್ತಿಯಾಗಿದ್ದು ನೋಡಲು ಬರುವವರು, ದುಡ್ಡು ಕೊಡುವವರು. ಗಿರಾಕಿ ಬಂದರೆ ಅಂಗಡಿಗೆ ಮಾಲು ಬೇಕಲ್ಲ.

ಹೈಟಿಯ ಕಥೆ ನಿಮಗೆ ಗೊತ್ತೇ ಇದೆ. 2010ರ ಜನವರಿಯಲ್ಲಿ ಭೂಕಂಪ ಆಗಿ ಮೂರು ವಾರ ಆಗಿರಲಿಲ್ಲ, ಅಮೆರಿಕದ ಬ್ಯಾಪ್ಟಿಸ್ಟ್ ಚರ್ಚಿನ ಹತ್ತು ಜನ 33 ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಪಕ್ಕದ ಡೊಮಿನಿಕನ್ ರಿಪಬ್ಲಿಕ್ ದೇಶಕ್ಕೆ ಗಡಿ ದಾಟಲು ಹೊರಟಿದ್ದರು. ಕೈಯಲ್ಲಿ ಕಾಗದಪತ್ರ ಇಲ್ಲ. ಹೆಚ್ಚಿನ ಮಕ್ಕಳಿಗೆ ಅಪ್ಪ ಅಮ್ಮ ಇದ್ದರು. ಓದಿಸ್ತೀವಿ ಅಂದಿದ್ದಕ್ಕೆ, ಈಜುಕೊಳ ಇರುವ ಜಾಗದ ಮಾತು ಕೇಳಿದ್ದಕ್ಕೆ, ಮನೆ ಬಿದ್ದುಹೋಗಿದ್ದ ಜನ ಮಕ್ಕಳನ್ನು ಕೊಟ್ಟಿದ್ದರು. ಕೊನೆಗೆ ಶಿಕ್ಷೆ ಆಗಿದ್ದು ತಂಡದ ನಾಯಕಿ ಒಬ್ಬಳಿಗೆ, ಅದೂ ಆಗಲೇ ಜೈಲಿನಲ್ಲಿ ಕಳೆದಷ್ಟು ದಿನ ಸಾಕು ಅಂತ. ಒಳ್ಳೇ ಉದ್ದೇಶ ಇತ್ತು ಪಾಪ ಅಂತ ಆಗಲೂ ಹೇಳುವವರಿದ್ದರು. ಇದೇ ಕೆಲಸವನ್ನು ಹೈಟಿಯ ಹತ್ತು ಜನ ಅಮೆರಿಕದ ಯಾವುದಾದರೂ ಊರಿನಲ್ಲಿ ಮಾಡಿದ್ದರೆ ಅವರ ಉದ್ದೇಶ ಏನು ಅಂತ ಯಾರು ಕೇಳುತ್ತಿದ್ದರು? ನನಗೆ ಈ 'ಒಳ್ಳೇ ಉದ್ದೇಶ' ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಮಗು ಬಸ್ಸಿನಲ್ಲಿ ಅಳುತ್ತಿರುವಾಗ ಉದ್ದೇಶ ತೆಗೆದುಕೊಂಡು ಏನು ಮಾಡಬೇಕು?

ಇದನ್ನೆಲ್ಲ ಹೊಸದಾಗಿ ಕಂಡುಹಿಡಿದದ್ದು ನಾನೂ ಅಲ್ಲ. ಇವಾನ್ ಇಲ್ಲಿಚ್, ಅವರೇ ಕ್ಯಾಥೊಲಿಕ್ ಪಾದ್ರಿ, 1968ರಲ್ಲಿ ಮೆಕ್ಸಿಕೋಗೆ ಸೇವೆಗೆ ಹೊರಟಿದ್ದ ವಿದ್ಯಾರ್ಥಿಗಳ ಎದುರಿಗೇ ನಿಂತು ಹೇಳಿದ್ದರು: ಬನ್ನಿ, ನೋಡಿ, ಬೆಟ್ಟ ಹತ್ತಿ, ಓದಿ, ಕಲಿಯಿರಿ, ಆದರೆ ಸಹಾಯ ಮಾಡಲು ಮಾತ್ರ ಬರಬೇಡಿ. ಅರ್ಧ ಶತಮಾನ ದಾಟಿತು. ಬೆಟ್ಟ ಹತ್ತುವುದನ್ನು ಮಾತ್ರ ಎಲ್ಲರೂ ಪಾಲಿಸುತ್ತಿದ್ದಾರೆ.

ಮಿಷನ್ ಟ್ರಿಪ್‌ನಿಂದ ವಾಪಸ್ ಬಂದವರು ಚರ್ಚಿನಲ್ಲಿ ಎದ್ದು ನಿಂತು ತಮ್ಮ ಅನುಭವದ ಸಾಕ್ಷಿ ಹೇಳುತ್ತಾರೆ. ಒಂದು ಸಾಲು ಎಲ್ಲರ ಬಾಯಲ್ಲೂ ಇರುತ್ತದೆ: "ನಾವು ಕೊಟ್ಟಿದ್ದಕ್ಕಿಂತ ಪಡೆದದ್ದೇ ಜಾಸ್ತಿ." ಇಷ್ಟು ಸರಿಯಾದ ಲೆಕ್ಕವನ್ನು ಯಾವ ಆಡಿಟರೂ ಕೊಡಲಾರ. ಉಂಡೂ ಹೋದ ಕೊಂಡೂ ಹೋದ ಅಂತ ನಾವು ಹಿಂದಿನಿಂದ ಆಡಿಕೊಳ್ಳುವುದನ್ನು ಇವರು ಮೈಕ್ ಹಿಡಿದು ಕಣ್ಣೀರಿಡುತ್ತಾ ಹೇಳುತ್ತಾರೆ. ಇನ್ನೊಂದು ಸಾಲು, "ಏನೂ ಇಲ್ಲದಿದ್ದರೂ ಎಷ್ಟು ಖುಷಿಯಾಗಿದ್ದಾರೆ ಆ ಜನ!" ಖುಷಿಯಾಗಿಯೇ ಇದ್ದರಲ್ಲಮ್ಮ, ಮತ್ತೆ ಬಣ್ಣ ಯಾಕೆ ಬಳಿದೆ?

ಪತ್ರಕ್ಕೆ ಏನು ಮಾಡಿದೆ ಅಂತ ಕೇಳುತ್ತೀರಿ. ಹೋದ ವರ್ಷ ಇವಳ ಅಣ್ಣ ಹೊರಟಾಗ ದುಡ್ಡು ಕಳಿಸಿದ್ದೆ. ಜೊತೆಯಲ್ಲಿ ಕೆಲಸ ಮಾಡುವವರು, ದಿನಾ ಮುಖ ನೋಡಬೇಕು, ನನಗೂ ಅಷ್ಟು ಧೈರ್ಯ ಇಲ್ಲ. ಈ ಸಲ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿದೆ. ಅಣ್ಣ ಹೋಗಿದ್ದೂ ಇದೇ ಶಾಲೆಗಾ?

ಹತ್ತು ನಿಮಿಷದಲ್ಲಿ ಉತ್ತರ ಬಂತು. ಹೌದಂತೆ, ಅದೇ ಶಾಲೆ, ಅದೇ ಗೋಡೆ. ಅವನು ತಿಳಿನೀಲಿ ಬಳಿದಿದ್ದನಂತೆ. ಇವಳ ತಂಡ ಹಳದಿ ಅಂತ ತೀರ್ಮಾನಿಸಿದೆಯಂತೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಅಂತ. ಕೊನೆಯಲ್ಲಿ ಕೈಮುಗಿದ ಚಿತ್ರ, ಅದರ ಕೆಳಗೆ ಮತ್ತೆ ಅದೇ ಲಿಂಕ್.