ಇಳಿಯುವುದು ಬೆರ್ಗಮೊದಲ್ಲಿ, ಹೇಳುವುದು ಮಿಲಾನ್

ಶುಕ್ರವಾರ ಮಧ್ಯಾಹ್ನ ಇಟಲಿಯ ಬೆರ್ಗಮೊ ವಿಮಾನ ನಿಲ್ದಾಣದ ಹೊರಗೆ ಬಸ್ಸಿಗೆ ಕಾಯುತ್ತಿದ್ದಾಗ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ನಾಲ್ಕು ಸೂಟ್‌ಕೇಸು. ದೂರದ ಗುಡ್ಡದ ಮೇಲಿನ ಗೋಪುರಗಳತ್ತ ಬೆರಳು ಮಾಡಿ ಹುಡುಗಿ ಕೇಳಿದಳು: “ಅಪ್ಪಾ, ಅದು ಕೋಟೆಯಾ?”

“ಏನೋ ಇರಬೇಕು ಪುಟ್ಟಿ. ಮೊದಲು ಮಿಲಾನ್ ಬಸ್ ಹಿಡಿಯೋಣ.”

ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ನನಗಿಲ್ಲ ಎಂಬುದು ನಿಮಗೆಲ್ಲ ಗೊತ್ತೇ ಇದೆ. “ಸರ್, ಅದೇ ಬೆರ್ಗಮೊ. ನೀವು ಇಳಿದಿರುವ ಊರು” ಎಂದೆ. ಪರದೇಶದಲ್ಲಿ ಕನ್ನಡ ಕೇಳಿದ ಖುಷಿಗೆ ಅವರ ಮುಖ ಅರಳಿತು. ಬೆರ್ಗಮೊದ ಮಾತು ಅಲ್ಲಿಗೇ ಬಿಟ್ಟುಹೋಯಿತು. “ನಿಮ್ಮ ಊರು ಯಾವುದು ಸರ್?”

“ದೇವನಹಳ್ಳಿ.”

“ಓ, ಏರ್‌ಪೋರ್ಟ್!”

ನನ್ನ ಪಿತ್ತ ನೆತ್ತಿಗೇರಿತು. ಅವರ ಮೇಲಲ್ಲ, ಪಾಪ, ಸಜ್ಜನರು. ಆ ಉದ್ಗಾರದ ಮೇಲೆ. 2008ರಿಂದ ನಾನು ಅದೊಂದನ್ನೇ ಕೇಳುತ್ತಾ ಬಂದಿದ್ದೇನೆ. ಟಿಪ್ಪು ಹುಟ್ಟಿದ ಊರು, ಕೋಟೆಯಿರುವ ಊರು, ಚಕ್ಕೋತದ ಊರು, ಎಲ್ಲವೂ ಒಂದು ರನ್‌ವೇ ಅಡಿಯಲ್ಲಿ ಮುಚ್ಚಿಹೋಯಿತು. ಜನ ನಮ್ಮಲ್ಲಿ ಇಳಿಯುತ್ತಾರೆ, ಬೆಂಗಳೂರಿಗೆ ಬಂದೆವು ಎನ್ನುತ್ತಾರೆ, ಟ್ಯಾಕ್ಸಿ ಹತ್ತಿ ಹೋಗುತ್ತಾರೆ. ಬೆರ್ಗಮೊದವರ ಹಣೆಬರಹವೂ ಅದೇ. ವಿಮಾನ ಇಳಿಯುವುದು ಅವರ ಊರಿನಿಂದ ಐದು ಕಿಲೋಮೀಟರ್ ದೂರದಲ್ಲಿ, ಮಿಲಾನ್‌ನಿಂದ ಸುಮಾರು ಐವತ್ತು ಕಿಲೋಮೀಟರ್ ಆಚೆ. ಆದರೂ ಟಿಕೆಟ್ಟಿನಲ್ಲಿ ಮೊದಲು ಬರುವ ಹೆಸರು ಮಿಲಾನ್.

ಇನ್ನೂ ತಮಾಷೆ ಕೇಳಿ. ನಿಲ್ದಾಣಕ್ಕೆ ಚಿತ್ರಕಾರ ಕರವಾಜ್ಜೊನ ಹೆಸರಿದೆ. ಕರವಾಜ್ಜೊ ಎಂಬುದು ಬೆರ್ಗಮೊ ಪ್ರಾಂತ್ಯದ ಒಂದು ಊರು, ಆತನ ಮನೆತನದ ಊರು. ಅವನೂ ಅಲ್ಲೇ ಹುಟ್ಟಿದವನೆಂದು ಬಹುಕಾಲ ನಂಬಿದ್ದರು. 2007ರಲ್ಲಿ ದೀಕ್ಷಾಸ್ನಾನದ ದಾಖಲೆ ಸಿಕ್ಕಿತು: 1571, ಮಿಲಾನ್! ಪಾಪ, ಬೆರ್ಗಮೊದವರು ಹುಡುಕಿ ಹುಡುಕಿ ಇಟ್ಟುಕೊಂಡ ಹೆಸರಿನ ಒಡೆಯನೂ ಕೊನೆಗೆ ಮಿಲಾನಿನವನೇ ಆದ.

“ಅಗ್ಗದಲ್ಲಿ ಇಟಲಿ ಹೇಗೆ ನೋಡುವುದು” ಎಂದು ನನ್ನನ್ನು ಕೇಳುವವರಿಗೆ ಲೆಕ್ಕ ಒಪ್ಪಿಸುತ್ತೇನೆ. ಜರ್ಮನಿಯ ಕಲೋನ್‌ನಿಂದ ವಿಮಾನದ ಟಿಕೆಟ್ ತಲೆಗೆ 19 ಯೂರೋ. ಅದೇನೂ ದಾನವಲ್ಲ, ಗಾಳ. ಸೀಟಿನ ಕೆಳಗೆ ಹಿಡಿಸುವ ಒಂದೇ ಒಂದು ಚೀಲ ಮಾತ್ರ ಉಚಿತ. ಹೋದ ಸಲ ನನ್ನ ಚೀಲ ಅವರ ಅಳತೆಯ ಚೌಕಟ್ಟಿನೊಳಗೆ ಇಳಿಯಲಿಲ್ಲವೆಂದು ಗೇಟಿನಲ್ಲೇ ಟಿಕೆಟ್ಟಿಗಿಂತ ಹೆಚ್ಚು ಹಣ ಕಕ್ಕಿಸಿಕೊಂಡರು. ಈ ಸಲ ನನ್ನಾಕೆ ಎರಡು ಸ್ವೆಟರ್, ಒಂದು ಕೋಟು ಮೈಮೇಲೆ ಹೇರಿಕೊಂಡು, ಜೇಬುಗಳಲ್ಲಿ ಚಾರ್ಜರು, ಚಟ್ನಿಪುಡಿ ತುಂಬಿಕೊಂಡು ಬೆವರುತ್ತಾ ವಿಮಾನ ಹತ್ತಿದಳು. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಅಂಥ ನೋಟವನ್ನು ಅವಳು ನನ್ನ ಮೇಲೆ ಬೀರಿರಲಿಲ್ಲ.

ಇಳಿದ ಮೇಲಾದರೂ ಜನ ಉಳಿತಾಯ ಮಾಡುತ್ತಾರೆಯೇ? ಇಲ್ಲ. ಮಿಲಾನ್ ಬಸ್ಸಿಗೆ ತಲೆಗೆ ಸುಮಾರು ಹತ್ತು ಯೂರೋ, ಅಲ್ಲಿ ಹೋಟೆಲಿಗೆ ಕಣ್ಣು ಕತ್ತಲೆ ಬರುವಷ್ಟು. ಇತ್ತ ನಿಲ್ದಾಣದ ಬಾಗಿಲಲ್ಲೇ ಒಂದನೇ ನಂಬರಿನ ಸಿಟಿ ಬಸ್ ನಿಂತಿರುತ್ತದೆ. ಟಿಕೆಟ್ ಮೂರು ಯೂರೋ ಆಸುಪಾಸು. ಗುಡ್ಡ ಹತ್ತುವ ಹಗ್ಗದ ರೈಲಿಗೂ ಅದೇ ಟಿಕೆಟ್ ನಡೆಯುತ್ತದೆ. ಆ ರೈಲು 1887ರಿಂದ ಓಡುತ್ತಿದೆ. ಕೋಟೆಗೋಡೆಯನ್ನು ದಾಟಿ ಮೇಲೇರಿ ಹಳೆಯ ಊರಿನ ನಡುವೆ ನಿಮ್ಮನ್ನು ಇಳಿಸುತ್ತದೆ. ಮಿಲಾನ್ ನೋಡಲೇಬೇಕೆಂಬ ಹಟವಿದ್ದರೆ ಬೆಳಿಗ್ಗೆ ಲೋಕಲ್ ರೈಲು ಹತ್ತಿ, ಒಂದು ಗಂಟೆಯಲ್ಲಿ ತಲುಪುತ್ತೀರಿ. ಕೊನೆ ಗಳಿಗೆಯಲ್ಲಿ ಕೊಂಡರೂ ಅದರ ಟಿಕೆಟ್ ದರ ಏರುವುದಿಲ್ಲ. ಸಂಜೆ ವಾಪಸ್ ಬನ್ನಿ.

“ಮಿಲಾನ್‌ನಲ್ಲಿ ದುವೊಮೊ ಎಂಬ ಮಹಾ ಚರ್ಚಿದೆ, ಲಿಯೊನಾರ್ಡೊನ ಕೊನೆಯ ಭೋಜನದ ಚಿತ್ರ ಇದೆ, ಬೆರ್ಗಮೊದಲ್ಲಿ ಏನಿದೆ” ಎಂದು ಕಾಮೆಂಟಿನಲ್ಲಿ ಕೇಳಲು ಒಬ್ಬರು ಬೆರಳು ಮಡಚುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಇದೆ ಸ್ವಾಮಿ, ಎರಡೂ ಇವೆ. ಆ ಚಿತ್ರವನ್ನು ನೋಡಲು ಕೊಡುವುದು ಹದಿನೈದು ನಿಮಿಷ, ಅದಕ್ಕೆ ಎಷ್ಟೋ ದಿನ ಮೊದಲೇ ಕಾದಿರಿಸಬೇಕು. ನೀವು ಕಾದಿರಿಸಿದ್ದೀರಾ? ಇಲ್ಲ ತಾನೆ. ಹಾಗಾದರೆ ದುವೊಮೊ ಮುಂದೆ ಪಾರಿವಾಳದ ಜೊತೆ ಫೋಟೊ ತೆಗೆಸಿಕೊಂಡು ಬರುತ್ತೀರಿ.

ಇತ್ತ ಬೆರ್ಗಮೊದ ಕೋಟೆಗೋಡೆ ಸುಮಾರು ಆರು ಕಿಲೋಮೀಟರ್ ಉದ್ದ. ವೆನಿಸ್‌ನವರ ಆಳ್ವಿಕೆಯಲ್ಲಿ, 1561ರಲ್ಲಿ ಕಟ್ಟಲು ಶುರುಮಾಡಿದರು. ಅದಕ್ಕಾಗಿ ಮನೆಮಠಗಳನ್ನು ಕೆಡವಿದರು, ಊರಿನ ಪ್ರಾಚೀನ ಸಂತ ಅಲೆಸ್ಸಾಂದ್ರೊ ಚರ್ಚನ್ನೇ ನೆಲಸಮ ಮಾಡಿದರು. ಇಷ್ಟೆಲ್ಲ ಮಾಡಿದ ಮೇಲೆ ಒಬ್ಬ ಶತ್ರುವಾದರೂ ಬಂದು ಮುತ್ತಿಗೆ ಹಾಕಬೇಡವೇ? ಬರಲೇ ಇಲ್ಲ. 2017ರಲ್ಲಿ ಯುನೆಸ್ಕೊದವರು ಬಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು, ಅಷ್ಟೇ. ಆ ಗೋಡೆಯ ಮೇಲೆ ಸಂಜೆ ನಡೆಯುವುದಕ್ಕೆ ಬಿಡಿಗಾಸೂ ಬೇಡ.

ಸಾಂತಾ ಮರಿಯಾ ಮಜ್ಜೊರೆ ಎಂಬ ಚರ್ಚಿದೆ, 1137ರಲ್ಲಿ ಆರಂಭವಾದದ್ದು. ಅದಕ್ಕೆ ಮುಂಬಾಗಿಲೇ ಇಲ್ಲ! ಆ ಕಡೆ ಬಿಷಪ್ಪರ ಅರಮನೆ ಅಂಟಿಕೊಂಡಿದೆ, ಆದ್ದರಿಂದ ಎಲ್ಲರೂ ಪಕ್ಕದ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಕಂಬಗಳನ್ನು ಹೊತ್ತ ಕೆಂಪು ಕಲ್ಲಿನ ಸಿಂಹಗಳು ಬಾಗಿಲು ಕಾಯುತ್ತವೆ. ಪಕ್ಕದಲ್ಲಿ ಕೊಲ್ಲೆಯೋನಿ ಎಂಬ ದಂಡನಾಯಕನ ಸಮಾಧಿ ಮಂದಿರ. ತನ್ನ ಸಮಾಧಿಗೆ ಜಾಗ ಬೇಕೆಂದು ಚರ್ಚಿನ ಒಂದು ಭಾಗವನ್ನೇ ಕೆಡವಿಸಿದ ಭೂಪ. ಅವನ ಲಾಂಛನದಲ್ಲಿ ಏನಿದೆ ಎಂದು ಇಲ್ಲಿ ಬರೆಯಲಾರೆ, ಅತ್ತೆಯವರೂ ಈ ಪೋಸ್ಟ್ ಓದುತ್ತಾರೆ. ಅದೃಷ್ಟ ಬರಲೆಂದು ಜನ ಅದನ್ನು ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ್ದಾರೆ, ಅಷ್ಟು ಹೇಳಬಲ್ಲೆ. ಹೌದು, ನಾನೂ ಉಜ್ಜಿದೆ.

ಊಟಕ್ಕೆ ಪೊಲೆಂತಾ. ಮೆಕ್ಕೆಜೋಳದ ಹಿಟ್ಟನ್ನು ಬೇಯಿಸಿ ತಿರುವಿದ್ದು. ಮುದ್ದೆಯ ಹಾಗೇ ಇದೆ ಎಂದು ಹೇಳಿ ಮುದ್ದೆಗೆ ಅವಮಾನ ಮಾಡುವುದಿಲ್ಲ. ಇದನ್ನು ಫೋರ್ಕಿನಲ್ಲಿ ತಿನ್ನುತ್ತಾರೆ. ಆದರೆ ಸ್ತ್ರಚ್ಚಾತೆಲ್ಲಾ ಐಸ್‌ಕ್ರೀಮ್ ಹುಟ್ಟಿದ್ದು 1961ರಲ್ಲಿ ಇದೇ ಗುಡ್ಡದ ಮೇಲೆ. ಎರಡು ಸಲ ತಿಂದೆ. ನನ್ನಾಕೆ ಮೂರು ಸಲ, ಸ್ವೆಟರಿನ ಪರಿಹಾರವಾಗಿ.

ನಾಲ್ಕು ದಿನದ ರಜೆ, ಅಷ್ಟು ಕಷ್ಟಪಟ್ಟು ಪಡೆದ ಯುರೋಪಿನ ಷೆಂಗೆನ್ ವೀಸಾ, ಜನ ದೊಡ್ಡ ಹೆಸರಿನ ಊರಿಗೇ ಹೋಗುತ್ತಾರೆ, ಅದರಲ್ಲಿ ತಪ್ಪೇನು ಎನ್ನಬಹುದು. ಏನೂ ಇಲ್ಲ. ಆದರೆ ವಾಪಸ್ ಬರುವ ವಿಮಾನಕ್ಕೆಂದು ಇದೇ ನಿಲ್ದಾಣಕ್ಕೆ ಬಂದು ಮೂರು ಗಂಟೆ ಕಾಲ ತಣ್ಣನೆಯ ಸ್ಯಾಂಡ್‌ವಿಚ್ ಜಗಿಯುತ್ತಾ ಕೂರುತ್ತೀರಲ್ಲ, ಆಗ ಯಾವ ವೀಸಾ ಅಡ್ಡ ಬಂತು?

ಜಗತ್ತು ಈ ಊರಿನತ್ತ ಒಮ್ಮೆ ತಿರುಗಿ ನೋಡಿತ್ತು. 2020ರ ಮಾರ್ಚ್, ಕೋವಿಡ್ ಕಾಲ. ಶವಪೆಟ್ಟಿಗೆ ಹೊತ್ತ ಸೇನೆಯ ಲಾರಿಗಳು ರಾತ್ರಿ ಸಾಲುಗಟ್ಟಿ ಹೋದವಲ್ಲ, ಅದು ಇಲ್ಲಿಯೇ. ಅಂದು ಅಮ್ಮ ದೇವನಹಳ್ಳಿಯಿಂದ ಫೋನ್ ಮಾಡಿ, “ನೀನು ವಿಮಾನದಲ್ಲಿ ಹೋಗಿ ಇಳಿಯುತ್ತಿದ್ದ ಊರು ಅದೇ ಏನೋ?” ಎಂದು ಕೇಳಿದ್ದರು. ಹೌದಮ್ಮ ಎಂದೆ. ಅದಕ್ಕೆ ಮೊದಲು ಮೂರು ಸಲ ಅಲ್ಲಿ ಇಳಿದಿದ್ದೆ. ಮೂರು ಸಲವೂ ಮಿಲಾನ್ ಬಸ್ ಹಿಡಿದಿದ್ದೆ.

ಗೊತ್ತಾಯಿತು, ನಗಬೇಡಿ. ಇನ್ನೊಂದೂ ಹೇಳಿಬಿಡುತ್ತೇನೆ. ನನ್ನ ಮದುವೆಗೆ ಜರ್ಮನಿಯಿಂದ ಬಂದ ಐವರು ಸಹೋದ್ಯೋಗಿಗಳನ್ನು ದೇವನಹಳ್ಳಿ ಕೋಟೆಯ ಪಕ್ಕದಿಂದಲೇ ಕಾರಿನಲ್ಲಿ ಕೂರಿಸಿ ನೇರವಾಗಿ ಮೈಸೂರಿಗೆ ಕಳುಹಿಸಿದವನು ನಾನೇ. “ಆ ಗೋಡೆ ಏನು” ಎಂದು ಒಬ್ಬ ಕೇಳಿದ್ದ. “ಹಳೆಯದು” ಎಂದಿದ್ದೆ.

ಬೆರ್ಗಮೊದ ಗಂಟೆಗೋಪುರ ದಿನವೂ ರಾತ್ರಿ ಹತ್ತಕ್ಕೆ ನೂರು ಸಲ ಬಾರಿಸುತ್ತದೆ. ಹಿಂದೆ ಕೋಟೆಬಾಗಿಲು ಮುಚ್ಚುವ ಹೊತ್ತಿನ ಸೂಚನೆ ಅದು. ಈಗ ಬಾಗಿಲು ಮುಚ್ಚುವುದಿಲ್ಲ, ಗಂಟೆ ಮಾತ್ರ ನಿಂತಿಲ್ಲ. ಶನಿವಾರ ರಾತ್ರಿ ಚೌಕದ ಕಾರಂಜಿಯ ಪಕ್ಕ ಕುಳಿತು ನಾವಿಬ್ಬರೂ ಎಣಿಸಿದೆವು. ಎಪ್ಪತ್ತರ ಹತ್ತಿರ ನನಗೆ ಲೆಕ್ಕ ತಪ್ಪಿತು. ನನ್ನಾಕೆ ಮಾತ್ರ ಬಿಡದೆ ಎಣಿಸಿ, ನೂರಾದ ಮೇಲೆ, “ನಾಳೆ ಆ ಕೋಟು ನೀನು ಹಾಕಿಕೋ” ಎಂದಳು.