ಅದೇ ರಾಗ ಎಷ್ಟು ಸಲ ಕೇಳೋದು?

ದಸರಾ ಬಂದರೆ ಮೈಸೂರಿನ ಬಗ್ಗೆ ಎಲ್ಲರೂ ಒಂದೇ ಲೇಖನವನ್ನು ತಿರುಗಿಸಿ ಮುರುಗಿಸಿ ಬರೆಯುತ್ತಾರೆ ಅಂತ ನಿಮ್ಮ ಬರಹದಲ್ಲಿ ಅಂದಿದ್ದೀರಿ ಸರ್. ನೂರಕ್ಕೆ ನೂರು ನಿಜ. ಅರಮನೆ 1912ರಲ್ಲಿ ಮುಗಿಯಿತು, ನಕ್ಷೆ ಹೆನ್ರಿ ಇರ್ವಿನ್ ಅವರದು, ಅಂಬಾರಿ 750 ಕೆಜಿ. ಇವನ್ನು ಎಷ್ಟು ಕಡೆ ಓದಿದ್ದೇನೋ ಲೆಕ್ಕವಿಲ್ಲ. ತಪ್ಪು ಅಂತಲ್ಲ. ಆದರೆ ಬರೆದವರು ತಾವೇ ಏನು ನೋಡಿದರು ಅನ್ನೋದು ಒಂದು ಸಾಲಲ್ಲೂ ಸಿಗೋದಿಲ್ಲ, ಅಲ್ವಾ?

ನಮ್ಮ ಮಂಡ್ಯದ ಕಥೆಯೂ ಅಷ್ಟೇ. ಸಕ್ಕರೆ ನಾಡು ಅಂತ ಶುರು, ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ, ಮುಗೀತು. ಒಂದು ಸಲ ಬೆಲ್ಲ ಮಾಡುವ ಆಲೆಮನೆಯಲ್ಲಿ ನಿಂತವರು ಹಾಗೆ ಬರೆಯೋಕೆ ಆಗೋದೇ ಇಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣ ಹಾಕುತ್ತಾರೆ, ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಲೇ ಇರಬೇಕು, ಇನ್ನೊಂದು ಕಡೆ ಒಬ್ಬರು ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತಳ್ಳುತ್ತಾ ಕೂತಿರುತ್ತಾರೆ. ನಮ್ಮ ಸೋದರಮಾವ ಪಾಕವನ್ನು ಚೂರು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ "ಇಳಿಸ್ರೋ" ಅಂತಿದ್ದರು. ಒಂದು ಗಳಿಗೆ ತಡವಾದರೂ ಬೆಲ್ಲ ಕಪ್ಪಾಗುತ್ತಿತ್ತು. ಇದನ್ನು ಯಾರೂ ಬರೆಯೋದಿಲ್ಲ, ಸುಮ್ನೆ ಒಬ್ಬರದನ್ನು ನೋಡಿ ಇನ್ನೊಬ್ಬರು ಇಳಿಸಿಕೊಳ್ಳುತ್ತಾರೆ. ಬೇಜಾರಾಗುತ್ತೆ.

ಒಂದು ಮಾತು ಮಾತ್ರ ಒಪ್ಪೋಕೆ ಆಗಲಿಲ್ಲ. ಸ್ವಂತದ್ದು ಇಲ್ಲದವರು ಬರೆಯೋದೇ ಬೇಡ ಅಂದಿರಲ್ಲ, ಅದು ಜಾಸ್ತಿಯಾಯ್ತು. ಹೊಸಬರು ಮೊದಲು ಬೇರೆಯವರದನ್ನು ನೋಡಿಕೊಂಡೇ ಬರೆಯೋದು, ನಾನೂ ಹಾಗೇ ಕಲಿತದ್ದು. ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋಗಿ, ಹೂವಿನಮ್ಮ ಮಲ್ಲಿಗೆಯನ್ನು ಮೊಳ ಹಾಕೋದನ್ನು ಹತ್ತು ನಿಮಿಷ ನೋಡಿ ಬಂದು ಬರೀರಿ ಅಂತ ಅವರಿಗೆ ಹೇಳಿ ಸರ್.