ಸೇವಂತಿಗೆಗೆ ಕತ್ತಲೆ ಬೇಕಂತೆ

ದಸರಾ ಕಳೆಯಿತು, ದೀಪಾವಳಿ ಬಂತು. ಗೇಟಿನ ಪಕ್ಕದ ನನ್ನ ಸೇವಂತಿಗೆಯಲ್ಲಿ ಒಂದು ಮೊಗ್ಗೂ ಇಲ್ಲ. ಎಲೆ ಮಾತ್ರ ಸೊಪ್ಪಿನ ಕಟ್ಟಿನ ಹಾಗೆ. ಜೂನ್‌ನಲ್ಲಿ ಸಸಿ ನೆಟ್ಟು, ಕುಡಿ ಚಿವುಟಿ, ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕಿ (ಆ ವಾಸನೆಗೆ ಮನೆಯವರ ಕೈಲಿ ಬೈಸಿಕೊಂಡು) ಸಾಕಿದ್ದು.

ಕಾರಣ ಹೊಳೆದದ್ದು ಮೊನ್ನೆ. ಚಿವುಟಿದ ಕುಡಿಯೊಂದನ್ನು ಹಿತ್ತಲಿನ ಒಡೆದ ಬಕೆಟ್‌ಗೆ ಸುಮ್ನೆ ಚುಚ್ಚಿದ್ದೆ. ಅದರ ತುಂಬ ಮೊಗ್ಗು! ವ್ಯತ್ಯಾಸ ಇಷ್ಟೇ: ಗೇಟಿನ ಹತ್ತಿರ ಹೊಸ ಬೀದಿ ದೀಪ ರಾತ್ರಿಯೆಲ್ಲ ಉರಿಯುತ್ತದೆ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ನಡುವೆ ಬೆಳಕು ಬಿದ್ದರೆ ಅದಕ್ಕೆ ಹಗಲೇ ಜಾಸ್ತಿ ಅಂತ ಲೆಕ್ಕ. ಹೂ ಬೆಳೆಗಾರರು ಬೇಕೆಂದೇ ತೋಟದಲ್ಲಿ ಬಲ್ಬ್ ಉರಿಸಿ ಹೂವನ್ನು ತಡಮಾಡುತ್ತಾರೆ. ನನಗೆ ಆ ಸೇವೆ ಪುಕ್ಕಟೆ.

ಈಗ ಸಂಜೆ 6ಕ್ಕೆ ಕುಂಡಗಳ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚುವುದು, ಬೆಳಿಗ್ಗೆ ತೆಗೆಯುವುದು. ನಿನ್ನೆ ಮಳೆಗೆ ಪೆಟ್ಟಿಗೆ ನೆನೆದು ಗಿಡದ ಮೇಲೇ ಕುಸಿದಿತ್ತು. ಎರಡು ಟೊಂಗೆ ಹೋಯಿತು.

ದಾಸವಾಳದ ಕಥೆ ಕೇಳಲೇಬೇಡಿ. ಬಿಳಿ ಹಿಟ್ಟಿನಂಥ ತಿಗಣೆ, ಅದು ಸುರಿಸುವ ಅಂಟಿಗೆ ಇರುವೆ ಸಾಲು. ಬೇವಿನೆಣ್ಣೆ ಹೊಡೆದ ದಿನವೇ ಮಳೆ ಬರಬೇಕಾ?

ಚೆನ್ನಾಗಿರುವುದು ಚೆಂಡು ಹೂ ಒಂದೇ. ಹೋದ ವರ್ಷದ ಆಯುಧಪೂಜೆಯ ಹಾರ ಬಾಡಿದ ಮೇಲೆ ಮೂಲೆಗೆ ಎಸೆದಿದ್ದೆ. ಅಲ್ಲೇ ಹುಟ್ಟಿ, ಯಾರೂ ನೀರು ಹಾಕದೆ, ಸೊಂಟದೆತ್ತರ ಬೆಳೆದು ಮೈತುಂಬ ಹೂ ಬಿಟ್ಟಿದೆ. ಪಕ್ಕದ ಮನೆಯವರು ಅದನ್ನೇ ನೋಡಿ, "ಏನು ಗೊಬ್ಬರ ಹಾಕ್ತೀರಿ ಸಾರ್?" ಅಂತ ಕೇಳುತ್ತಾರೆ.